ತೊಡೆಯಿಲ್ಲದ ಕೋಳಿ

ಹಂಗಳದ ಸುಂದ್ರಮ್ಮ ತನ್ನ ನಲವತ್ತೇಳು ವರ್ಷದ ಬಾಳಿನಲ್ಲಿ ಬೆಚ್ಚಿಬಿದ್ದದ್ದು ಬಹಳ ಕಡಿಮೆ. ಕಾಡಿನ ಕಡೆಯಿಂದ ಬಂದ ಆನೆ ಹಿತ್ತಲಿನ ಬಾಳೆ ಮುರಿಯುತ್ತಿದ್ದಾಗ ತಗಡಿನ ಡಬ್ಬ ಬಡಿದು, ಅದರ ವಂಶವನ್ನೆಲ್ಲ ಎತ್ತಿ ಬೈದು ಓಡಿಸಿದ ಹೆಂಗಸು ಆಕೆ. ಅಂಥವಳು ಆ ಭಾನುವಾರ ಸಂಜೆ ಆರೂವರೆಗೆ, ಬಾಗಿಲಲ್ಲಿ ನಿಂತ ಒಬ್ಬ ಬಡಕಲು ಗಂಡಸನ್ನು ಕಂಡು ಕೈಲಿದ್ದ ಈರುಳ್ಳಿ ಬುಟ್ಟಿಯನ್ನು ನೆಲಕ್ಕೆ ಬಿಟ್ಟಳು. ಈರುಳ್ಳಿಗಳು ದಿಕ್ಕಾಪಾಲಾಗಿ ಓಡಿದವು.

ಬಂದವನು ಅವಳ ಸ್ವಂತ ಅಣ್ಣ, ಹರವೆಯ ಮಹಾಲಿಂಗ. ಅವನು ಆ ಹೊಸ್ತಿಲು ತುಳಿಯದೆ ಒಂಬತ್ತು ವರ್ಷವಾಗಿತ್ತು. ಕಾರಣ, ಒಂದು ಕೋಳಿಯ ತೊಡೆ.

ಮಗಳು ಮೇಘನಾ ದೊಡ್ಡವಳಾದಾಗ ಆರತಿ ಇಟ್ಟುಕೊಂಡಿದ್ದರು. ಸೋದರಮಾವನಾದ ಮಹಾಲಿಂಗ ತಾನೇ ಸೊಪ್ಪು ಕಡಿದು ತಂದು ಅವಳನ್ನು ಕೂರಿಸಲು ಗುಡ್ಲು ಹಾಕಿದ್ದ. ಅಂಥ ದಿನ ನಾಟಿ ಕೋಳಿ ಸಾರಿನ ತೊಡೆ ಯಾರ ಎಲೆಗೆ ಬೀಳಬೇಕು ಎಂಬುದನ್ನು ಆ ಸೀಮೆಯಲ್ಲಿ ತೊದಲು ಮಾತಿನ ಮಗುವೂ ಹೇಳುತ್ತದೆ. ಆದರೆ ಒಲೆಯ ಹೊಗೆ, ಎಂಬತ್ತು ಜನರ ಗದ್ದಲ. ಸುಂದ್ರಮ್ಮನ ಸೌಟಿಗೆ ಬಂದ ತೊಡೆ ನಾದಿನಿಯ ಗಂಡನ ಎಲೆಗೆ ಹೋಯಿತು. ಸೋದರಮಾವನ ಮುದ್ದೆಯ ಪಕ್ಕಕ್ಕೆ ಬಂದು ಕೂತದ್ದು ಕತ್ತಿನ ಮೂಳೆ. ಮಹಾಲಿಂಗ ಅದನ್ನು ಎರಡು ಬೆರಳಲ್ಲಿ ಎತ್ತಿ ಇಡೀ ಪಂಕ್ತಿಗೆ ತೋರಿಸಿದ. ಈ ಮನೆಯಲ್ಲಿ ಇನ್ನೆಂದೂ ಎಲೆ ಮುಂದೆ ಕೂರುವುದಿಲ್ಲ ಎಂದು ಮಾದಪ್ಪನ ಮೇಲೆ ಆಣೆ ಇಟ್ಟು ಎದ್ದು ಹೋದ. ಇದಕ್ಕಿಂತ ಸಣ್ಣ ತೊಡೆಗಳಿಗಾಗಿ ರಾಜ್ಯಗಳು ಉರುಳಿರಬಹುದು; ಯಾರೂ ಬರೆದಿಟ್ಟಿಲ್ಲ.

ಈಗ ಅದೇ ಮೇಘನಾಳ ಮದುವೆಗೆ ಹನ್ನೆರಡು ದಿನ ಉಳಿದಿತ್ತು. ಹೆಣ್ಣಿನ ಕೈ ಹಿಡಿದು ಹಸೆಮಣೆಗೆ ಕರೆತರಬೇಕಾದವನು ಸೋದರಮಾವ. ಅವನು ಬಾರದಿದ್ದರೆ ಆ ಜಾಗದಲ್ಲಿ ದೂರದ ಯಾರನ್ನೋ ನಿಲ್ಲಿಸಬೇಕು, ನಿಲ್ಲಿಸಿದ್ದನ್ನು ಎರಡು ಊರು ನೋಡಬೇಕು. ಸುಂದ್ರಮ್ಮ ಹರವೆಗೆ ಹೋಗಿ, ಅಣ್ಣ ಸಿಗದೆ, ಅತ್ತಿಗೆಯ ಕೈಗೆ ಪತ್ರಿಕೆ ಕೊಟ್ಟು ಬಂದಿದ್ದಳು. ಆ ಪತ್ರಿಕೆಯನ್ನೇ ಮಹಾಲಿಂಗ ಈಗ ಜೇಬಿನಿಂದ ತೆಗೆದು ಜಗಲಿಯ ಮೇಲಿಟ್ಟ.

“ಇದ ಕೊಟ್ಬುಟ್ಟು ಓಗನ ಅಂತ ಬಂದೆ. ಮದ್ವೆಗೆ ನಾ ಬರಕಿಲ್ಲ ಕಣಮ್ಮಿ. ಏಳೂವರೆ ಬಸ್ಗೆ ಓಯ್ತೀನಿ.”

ಸುಂದ್ರಮ್ಮನಿಗೆ ಒಂದು ಗಂಟೆ ಸಿಕ್ಕಿತು. ಅಷ್ಟರಲ್ಲಿ ಅಣ್ಣನ ಹೊಟ್ಟೆಗೆ ಏನಾದರೂ ಬಿದ್ದರೆ ಮಾತಿಗೆ ದಾರಿ ಉಂಟು, ಬರಿಹೊಟ್ಟೆಯಲ್ಲಿ ಹೋದರೆ ಈ ಜನ್ಮಕ್ಕೆ ಅಷ್ಟೇ. ಆಕೆ ಗಂಡ ಮೂಗಯ್ಯನಿಗೆ ಕಣ್ಸನ್ನೆ ಮಾಡಿದಳು. ಮೂಗಯ್ಯ ಹಿತ್ತಲಿನ ಕೆಂಪು ಹುಂಜದ ಮೇಲೆ ದಂಡೆತ್ತಿ ಹೋದ. ಹುಂಜ ಹಿತ್ತಲನ್ನು ಮೂರು ಸುತ್ತು ಹಾಕಿಸಿ, ಸೌದೆ ರಾಶಿ ಹತ್ತಿ, ಅಲ್ಲಿಂದ ಹುಣಸೆ ಮರದ ಮೇಲಿನ ಕೊಂಬೆ ಸೇರಿ ಕೂಗಿತು. ಮೂಗಯ್ಯ ಒಂದು ಕಾಲಿನ ಚಪ್ಪಲಿ ಕಳೆದುಕೊಂಡು ಹಿಂದಿರುಗಿದ. ಚಿಕನ್ ಅಂಗಡಿಯವನೂ ಬಾಗಿಲು ಹಾಕಿದ್ದಾನೆಂದು ವರದಿ ಒಪ್ಪಿಸಿದ.

ಮನೆಯಲ್ಲಿದ್ದದ್ದು ಭಾನುವಾರದ ನೂಡಲ್ಸಿಗೆಂದು ತಂದಿದ್ದ ಅರ್ಧ ಕೆಜಿ ಬೋನ್‌ಲೆಸ್ ಚಿಕನ್.

ನೂಡಲ್ಸ್ ಆ ಮನೆಗೆ ಕಾಲಿಟ್ಟಿದ್ದು ಹೀಗೆ. ಸಂಜೆ ಐದರವರೆಗೆ ಚೆಂಡುಹೂವಿನ ಹೊಲದಲ್ಲಿ ಬಿಡಿಸಿ ಬಿಡಿಸಿ ಸೊಂಟ ಬಿದ್ದುಹೋದ ಮೇಲೆ, ಮಸಾಲೆ ಅರೆದು ನಾಟಿ ಕೋಳಿ ಬೇಯಿಸಲು ಯಾವ ಮನುಷ್ಯರಿಂದಲೂ ಆಗದು. ಗುಂಡ್ಲುಪೇಟೆಯ ಬಟ್ಟೆ ಅಂಗಡಿಗೆ ಕೆಲಸಕ್ಕೆ ಹೋಗುವ ಮೇಘನಾ ಒಂದು ದಿನ ನೂಡಲ್ಸ್ ಪೊಟ್ಟಣ ತಂದಳು. ಫೋನಿನ ವಿಡಿಯೋದಲ್ಲಿ ಹೇಳಿದ ಹಾಗೆ ಅವಳು ಮಾಡಿದ್ದನ್ನು ಸುಂದ್ರಮ್ಮ ಒಂದು ತುತ್ತು ತಿಂದು, ಇದು ಜ್ವರ ಬಂದವರ ಊಟ ಎಂದು ತೀರ್ಪು ಕೊಟ್ಟು, ಒಲೆಯನ್ನು ವಶಪಡಿಸಿಕೊಂಡಳು. ಮಾರನೆಯ ವಾರದಿಂದ ಅದಕ್ಕೆ ಗುಂಡುಕಲ್ಲಲ್ಲಿ ಜಜ್ಜಿದ ಬೆಳ್ಳುಳ್ಳಿ, ಶುಂಠಿ, ಹಸಿಮೆಣಸಿನಕಾಯಿ ಬಿದ್ದವು. ಮೇಲೆ ಕರಿಮೆಣಸು, ಅದರ ಮೇಲೆ ಮನೆಯ ಖಾರದ ಪುಡಿ. ಬೆರಳಿನಷ್ಟು ತೆಳ್ಳಗೆ ಸೀಳಿದ ಚಿಕನ್ ಕಾಲು ಗಂಟೆಯಲ್ಲಿ ಬೆಂದು ತಟ್ಟೆಗೆ ಇಳಿಯುತ್ತಿತ್ತು. ಶಾವಿಗೆಗೆ ಕೋಳಿ ಹಾಕುವುದನ್ನು ನೋಡಲಿಕ್ಕೆ ತಾನು ಇಷ್ಟು ವರ್ಷ ಬದುಕಿದೆನೇ ಎಂದು ಕೇಳಿದ್ದ ಮೂಗಯ್ಯ, ಈಗ ಭಾನುವಾರ ಯಾರೂ ಹೇಳದೆ ಚೀಲ ಹಿಡಿದು ಹೊರಡುತ್ತಿದ್ದ.

ಆದರೆ ಸೋದರಮಾವನಿಗೆ, ಅದೂ ತೊಡೆಗಾಗಿ ಒಂಬತ್ತು ವರ್ಷ ವನವಾಸ ಮಾಡಿದವನಿಗೆ, ಮೂಳೆಯೇ ಇಲ್ಲದ ಕೋಳಿ ಬಡಿಸುವುದೆಂದರೆ ಹುಲಿಯ ಬಾಯಿಗೆ ಬಾಳೆಹಣ್ಣು ಹಿಡಿದಂತೆ. ಬೇರೆ ದಾರಿಯಿಲ್ಲದೆ ಸುಂದ್ರಮ್ಮ ಬಾಣಲೆ ಒಲೆಗಿಟ್ಟಳು. ಗಡಿಯಾರ ಏಳು ಹೊಡೆಯಿತು. ಆಕೆ ಕಣ್ಣು ಮುಚ್ಚಿ ಖಾರವನ್ನು ಎಂದಿಗಿಂತ ಒಂದು ಹಿಡಿ ಹೆಚ್ಚು ಸುರಿದಳು.

ಘಾಟು ಜಗಲಿಗೆ ಹೋಗಿ ಮಹಾಲಿಂಗನನ್ನು ಹಿಡಿಯಿತು. ಅವನು ಕೆಮ್ಮಿದ, ಸೀನಿದ, ಕಣ್ಣೊರೆಸಿಕೊಂಡ, ಕಡೆಗೆ ಬೈಯಲೆಂದೇ ಒಳಗೆ ಬಂದ. ಮೇಘನಾ ಸ್ಟೀಲ್ ಬಟ್ಟಲನ್ನು ಅವನ ಕೈಗಿಟ್ಟಳು. ಎಲೆ ಮುಂದೆ ಕೂರುವುದಿಲ್ಲ ಎಂದು ಆಣೆ ಇಟ್ಟಿದ್ದು ಮರೆತಿರಾ ಎಂದು ಅವನು ಗುಡುಗಿದ.

“ಎಲೆ ಎಲ್ಲದೆ ಮಾವ? ಇದು ಬಟ್ಲು. ಕೂರ್ಲೂ ಬೇಡ. ನಿಂತ್ಕಂಡೇ ತಿನ್ನು, ಮಾದಪ್ಪ ಏನೂ ಅನ್ಕಳಕಿಲ್ಲ.”

ಮಹಾಲಿಂಗ ಆಣೆಯನ್ನು ಮನಸ್ಸಿನಲ್ಲೇ ಒಮ್ಮೆ ಹೇಳಿಕೊಂಡ. ಎಲ್ಲಿ ಹುಡುಕಿದರೂ ಅದರಲ್ಲಿ ಬಟ್ಟಲು ಸಿಗಲಿಲ್ಲ. ಅವನು ಗೋಡೆಗೆ ಬೆನ್ನು ಕೊಟ್ಟು ನಿಂತು ಒಂದು ತುತ್ತು ಬಾಯಿಗಿಟ್ಟ. ಕಣ್ಣು ಅರಳಿತು, ಕಿವಿ ಕೆಂಪಾಯಿತು, ಮೂಗಿನಿಂದ ನೀರಿಳಿಯಿತು. ಮೂರನೆಯ ತುತ್ತಿಗೆ ಅವನ ಕೈ ನಿಂತಿತು. ಬಟ್ಟಲಿನ ತಳದವರೆಗೂ ಕೆದಕಿದ, ನೂಡಲ್ಸನ್ನು ಎತ್ತಿ ಎತ್ತಿ ನೋಡಿದ.

“ತೊಡೆ ಎಲ್ಲಮ್ಮಿ?”

ಮೂಗಯ್ಯ ತನ್ನ ಬಟ್ಟಲನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ, ತೊಡೆ ಅವನದರಲ್ಲೂ ಇರಲಿಲ್ಲ. ಸುಂದ್ರಮ್ಮ ಸೌಟು ಕೆಳಗಿಟ್ಟು ಅಣ್ಣನ ಕಡೆ ತಿರುಗಿದಳು.

“ಸೀಳಿ ಎಲ್ಲಾರ್ಗೂ ಅಂಚ್ಬುಟ್ಟಿವ್ನಿ ಕಣಣ್ಣ. ನಿನ್ ಬಟ್ಲಲ್ಲೂ ಅದೆ, ನನ್ ಬಟ್ಲಲ್ಲೂ ಅದೆ. ಅವತ್ತು ಒಗೇಲಿ ನಂಗೆ ಕಣ್ಣೇ ಕಾಣ್ನಿಲ್ಲ. ಸೌಟ್ಗೆ ಬಂದುದ್ದ ಬಡಿಸ್ದೆ. ನಿನ್ನ ಕಮ್ಮಿ ಮಾಡ್ಬೇಕು ಅಂತ ಮಾಡ್ಲಿಲ್ಲ.”

ಮಹಾಲಿಂಗ ನಂಬುವವರ ಪೈಕಿಯಲ್ಲ. ಮೂಗಯ್ಯನ ಬೆನ್ನ ಹಿಂದಿನಿಂದ ಬಟ್ಟಲು ಎಳೆದು ತಪಾಸಣೆ ಮಾಡಿದ. ಆಮೇಲೆ ಮೇಘನಾಳದ್ದು, ಆಮೇಲೆ ತಂಗಿಯದ್ದು. ಎಲ್ಲೆಲ್ಲೂ ಅದೇ ಬೆರಳಿನಷ್ಟು ತುಂಡು, ಅದೇ ಅಳತೆ. ಯಾರಿಗೂ ತೊಡೆಯಿಲ್ಲ, ಯಾರಿಗೂ ಕತ್ತಿಲ್ಲ. ಅವನು ಇಂಥ ಕೋಳಿಯನ್ನು ಜೀವಮಾನದಲ್ಲಿ ಕಂಡಿರಲಿಲ್ಲ. ಬಾಯಿ ತೆರೆದುಕೊಂಡು ಬಹಳ ಹೊತ್ತು ನಿಂತ. ಅದು ಆಶ್ಚರ್ಯಕ್ಕೋ ಖಾರಕ್ಕೋ ಎಂದು ಹೇಳುವುದು ಕಷ್ಟ. ಕೊನೆಗೆ ಖಾಲಿ ಬಟ್ಟಲನ್ನು ಮುಂದೆ ಚಾಚಿದ.

ಏಳೂವರೆ ಬಸ್ಸು ಹಾರ್ನ್ ಹಾಕಿಕೊಂಡು ರಸ್ತೆಯಲ್ಲಿ ಹೋಯಿತು. ಯಾರೂ ತಿರುಗಿ ನೋಡಲಿಲ್ಲ.

ಎರಡನೆಯ ಬಟ್ಟಲು ಮುಗಿಸಿ ಮಹಾಲಿಂಗ ಜಗಲಿಗೆ ಹೋದ. ಪತ್ರಿಕೆ ಎತ್ತಿ ದೀಪಕ್ಕೆ ಹಿಡಿದು, ಮುಹೂರ್ತ ಎಷ್ಟು ಹೊತ್ತಿಗೆ ಎಂದು ತನಗೆ ತಾನೇ ಓದಿಕೊಂಡ. ಮಡಿಸಿ ಜೇಬಿಗಿಟ್ಟ. ಸುಂದ್ರಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಮನೆದೇವರಿಗೆ ಮುಗಿಯಲು ಕೈ ಎತ್ತಿದಳು.

“ನಾನೇ ಬಂದು ಎಣ್ಣ ಕೈ ಇಡ್ದು ಕರ್ಕ ಬತ್ತೀನಿ,” ಎಂದ ಮಹಾಲಿಂಗ. “ಒಂದೇ ಮಾತು. ಮಾರ್ನೆ ದಿನ ಬೀಗ್ರೂಟಕ್ಕೂ ಇದ್ನೇ ಮಾಡ್ಸು. ತೊಡೆ ಜಗ್ಳವೇ ಇರಕಿಲ್ಲ.”

ಎತ್ತಿದ ಕೈ ಅಲ್ಲೇ ನಿಂತಿತು. ಬೀಗರೂಟವೆಂದರೆ ಆರುನೂರು ಜನ. ಹರವೆ, ಹಂಗಳ, ಗಂಡಿನ ಕಡೆಯ ಚಾಮರಾಜನಗರದವರು; ಮುದ್ದೆ ಇಲ್ಲದ ಪಂಕ್ತಿಯನ್ನು ಕನಸಿನಲ್ಲೂ ಕಾಣದ ಮೀಸೆಗಳು. ಅವರೆಲ್ಲ ಬಟ್ಟಲು ಹಿಡಿದು ಗೋಡೆಗೆ ಒರಗಿ ನಿಂತು ಬೆವರುವುದು ಸುಂದ್ರಮ್ಮನ ಕಣ್ಣಿಗೆ ಕಟ್ಟಿತು. ಆನೆಗೆ ಹೆದರದವಳು ಮೆಲ್ಲಗೆ ಹೊಸ್ತಿಲ ಮೇಲೆ ಕೂತಳು. ಬೇಡವೆಂದರೆ ಪತ್ರಿಕೆ ಮತ್ತೆ ಜಗಲಿಗೆ ಬರುತ್ತದೆ.

“ಆಗ್ಲಿ ಕಣಣ್ಣ,” ಎಂದು ಬಾಯಿ ತಾನಾಗಿ ಹೇಳಿತು. ಕಣ್ಣು ಮಾತ್ರ, ನಾಲ್ಕು ಜನಕ್ಕೆ ಸಾಲುವ ತನ್ನ ಪುಟ್ಟ ಬಾಣಲೆಯನ್ನೇ ನೋಡುತ್ತಿತ್ತು. ಹುಣಸೆ ಮರದ ಮೇಲಿಂದ ಹುಂಜ ಆಗ ತಾನೇ ಕೆಳಗಿಳಿಯಿತು.