ಆದಿತಾಳದಲ್ಲಿ ಕಣ್ಣಿನ ಪರೀಕ್ಷೆ

ಚಾಮರಾಜಪುರಂನ ನಮ್ಮ ಮನೆಯ ಹಜಾರದಲ್ಲಿ ನಲವತ್ತು ವರ್ಷದಿಂದ ವೀಣೆ ಪಾಠ ಹೇಳಿಕೊಡುತ್ತಿದ್ದೇನೆ. ತಾಳ ತಪ್ಪಿದವರನ್ನು ಬೈಯುವುದರಲ್ಲಿ ನನ್ನ ಹೆಸರು ದೊಡ್ಡದು. ಅದೇ ತಾಳ ಈ ವರ್ಷ ಕಣ್ಣಾಸ್ಪತ್ರೆಯಲ್ಲಿ ನನ್ನ ಮಾನ ಕಳೆಯಿತು.

ನನಗೆ ಗ್ಲಾಕೋಮಾ. ಕಣ್ಣಿನೊಳಗಿನ ಒತ್ತಡ ಸದ್ದಿಲ್ಲದೆ ನರವನ್ನು ತಿನ್ನುವ ಕಾಯಿಲೆ. ಗೊತ್ತಾಗುವಷ್ಟರಲ್ಲಿ ಎಡಗಣ್ಣು ಹೆಚ್ಚುಕಡಿಮೆ ಹೋಗಿತ್ತು. ಬಲಗಣ್ಣಿನಲ್ಲೂ ಕೆಳಗಡೆಯ ಎಡಮೂಲೆ ಕತ್ತಲಾಗಿತ್ತು. ಹನ್ನೊಂದು ವರ್ಷದ ಹಿಂದೆ ಬಲಗಣ್ಣಿಗೆ ಆಪರೇಷನ್ ಮಾಡಿ, ಒಳಗಿನ ನೀರು ಹರಿದುಹೋಗಲು ಸಣ್ಣ ದಾರಿ ಮಾಡಿದ ಡಾಕ್ಟರಮ್ಮ ಅವತ್ತೇ ಹೇಳಿದ್ದರು: “ಹೋಗಿದ್ದು ವಾಪಸ್ ಬರಲ್ಲ. ಇರೋದನ್ನ ಉಳಿಸ್ಕೊಳ್ಳೋಣ.” ಅಂದಿನಿಂದ ವರ್ಷವರ್ಷವೂ, ಉಳಿದದ್ದು ಉಳಿದೇ ಇದೆಯೇ ಎಂದು ತೋರಿಸಿಕೊಂಡು ಬರುತ್ತೇನೆ.

ಈ ಸಲ ಹೋಗುವಾಗ ಮಾತ್ರ ಧೈರ್ಯವಿರಲಿಲ್ಲ. ಅದರ ಹಿಂದಿನ ಒಂದೇ ವಾರದಲ್ಲಿ ಹಜಾರದ ಟೀಪಾಯಿಗೆ ಮೂರು ಸಲ ಎಡಮೊಣಕಾಲು ಬಡಿದುಕೊಂಡಿದ್ದೆ. ಯಜಮಾನರಿಗೆ ಹೇಳಿರಲಿಲ್ಲ. ಕತ್ತಲಮೂಲೆ ಬೆಳೆಯುತ್ತಿದೆ ಎಂದು ನನ್ನಷ್ಟಕ್ಕೆ ನಾನೇ ತೀರ್ಮಾನಿಸಿದ್ದೆ.

ಪರೀಕ್ಷೆ ಸರಳ. ಬೋಗುಣಿಯಂಥ ಯಂತ್ರದೊಳಗೆ ಮುಖವಿಟ್ಟು ನಡುವಿನ ಚುಕ್ಕೆಯನ್ನೇ ನೋಡುತ್ತಿರಬೇಕು. ಸುತ್ತ ಎಲ್ಲಾದರೂ ಮಿಣುಕು ಬೆಳಕು ಕಂಡರೆ ಕೈಲಿರುವ ಗುಂಡಿ ಒತ್ತಬೇಕು. ಬೆಳಕು ಮಿಣುಕ್, ಮಿಣುಕ್ ಎಂದು ಬರತೊಡಗಿತು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ನನ್ನ ಹೆಬ್ಬೆರಳು ಆದಿತಾಳ ಹಿಡಿದುಬಿಟ್ಟಿತು. ನಡುವೆ ಎರಡು ಮೂರು ಎಣಿಕೆ ಬೆಳಕೇ ಕಾಣಲಿಲ್ಲ. ಸುಳ್ಳೇಕೆ ಹೇಳಲಿ, ಆಗ ಹೆದರಿದೆ. ಹೆದರಿ, ಬಂದೇ ಇರುತ್ತದೆ ಬಿಡು ಎಂದು ತಾಳದ ಮೇಲೆ ಒತ್ತುತ್ತಾ ಹೋದೆ.

ಡಾಕ್ಟರಮ್ಮ ರಿಪೋರ್ಟ್ ನೋಡಿ ನಕ್ಕರು. “ಇದ್ರ ಪ್ರಕಾರ ನಿಮ್ದು ಹದ್ದಿನ ಕಣ್ಣು ಕಣ್ರೀ! ಬೆಳಕು ಇಲ್ದೇ ಇರುವಾಗ್ಲೂ ಒತ್ತಿದ್ದೀರಿ. ಇದನ್ನ ನಂಬೋಕಾಗಲ್ಲ, ಇನ್ನೊಂದ್ಸಲ ಮಾಡ್ಸಿ.”

ಹೊರಗೆ ಬೆಂಚಿನ ಮೇಲೆ ಕೂತಿದ್ದ ಯಜಮಾನರಿಗೆ ತಾಳದ ವಿಷಯ ಹೇಳಿದೆ. “ಅಲ್ಲ ಕಣೇ, ಆಸ್ಪತ್ರೇಲೂ ಕಛೇರಿ ಮಾಡ್ಬುಟ್ಯಾ?” ಎಂದರು. ಪರೀಕ್ಷೆ ಮಾಡುವಾಕೆ ಮಾತ್ರ ಸಮಾಧಾನವಾಗಿ ಹೇಳಿದಳು: “ಕೆಲವು ಬೆಳಕು ಯಾರಿಗೂ ಕಾಣಲ್ಲ ಅಮ್ಮಾ, ಅಷ್ಟು ಮಂಕಾಗಿರುತ್ತೆ. ಕಾಣ್ದಿದ್ರೆ ಸುಮ್ನೆ ಇದ್ಬುಡಿ.”

ಸುಮ್ಮನಿರಬೇಕಾದ ಜಾಗದಲ್ಲಿ ಯಾರಾದರೂ ತಂತಿ ಮೀಟಿದರೆ ಕಣ್ಣು ಕೆಂಪಗೆ ಮಾಡುವವಳು ನಾನು. ಅವತ್ತು ಹಲ್ಲು ಕಚ್ಚಿ ಸುಮ್ಮನಿದ್ದೆ. ಕಂಡಾಗ ಒತ್ತಿದೆ, ಕಾಣದಿದ್ದಾಗ ಇಲ್ಲ. ಆ ಐದಾರು ನಿಮಿಷದಷ್ಟು ದೀರ್ಘ ಅನ್ನಿಸಿದ ಕಛೇರಿಯನ್ನು ನಾನು ಜನ್ಮದಲ್ಲಿ ಮಾಡಿಲ್ಲ.

ಡಾಕ್ಟರಮ್ಮ ನಮ್ಮಿಬ್ಬರನ್ನೂ ಒಳಗೆ ಕರೆದು, ಆಪರೇಷನ್ ಆದ ವರ್ಷದ ಹಾಳೆಯನ್ನೂ ಹೊಸ ಹಾಳೆಯನ್ನೂ ಅಕ್ಕಪಕ್ಕ ಇಟ್ಟರು. ಎರಡರಲ್ಲೂ ಅದೇ ಎಡಮೂಲೆ, ಅಷ್ಟೇ ಕಪ್ಪು. “ಒಂದಿಷ್ಟೂ ಮುಂದೆ ಹೋಗಿಲ್ಲ” ಎಂದರು. ಆ ಕಪ್ಪು ಕಲೆಯನ್ನು ನೋಡಿ ನನಗೆ ಅಳು ಬರುವಷ್ಟು ಖುಷಿಯಾಯಿತು.

“ಹಾಗಾದ್ರೆ ಟೀಪಾಯಿ?” ಎಂದು ಬಾಯಿಂದ ಬಂದೇಬಿಟ್ಟಿತು. ಮೊಣಕಾಲಿನ ಕಥೆಯನ್ನೆಲ್ಲ ಹೇಳಿದೆ.

ಯಜಮಾನರ ಮುಖ ಪೆಚ್ಚಾಯಿತು. “ಅಯ್ಯೋ, ಪೇಪರ್ ಓದೋಕೆ ಬೆಳಕು ಸಾಲ್ದು ಅಂತ ಕಿಟಕಿ ಕಡೆಗೆ ನಾನೇ ಜರುಗಿಸ್ಬುಟ್ಟಿದ್ದೆ ಕಣೇ. ಬಡೀತು ಅಂತ ನಂಗೆ ಹೇಳ್ಬಾರ್ದಿತ್ತಾ?”

“ಜರುಗಿಸಿದೆ ಅಂತ ನೀವು ಹೇಳ್ಬಾರ್ದಿತ್ತಾ?” ಎಂದೆ. ಡಾಕ್ಟರಮ್ಮ ಮುಂದಿನ ಪೇಷೆಂಟನ್ನು ಕರೆದರು.

ಮನೆಗೆ ಬಂದವರೇ ಯಜಮಾನರು ಟೀಪಾಯಿಯನ್ನು ಹಳೇ ಜಾಗಕ್ಕೆ ಎಳೆದರು. ಸಂಜೆ ಪಾಠಕ್ಕೆ ಬಂದಾಕೆ, ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ಒಂದೇ ಸಾಲಿನಲ್ಲಿ ಎರಡು ಸಲ ತಾಳ ತಪ್ಪಿದಳು. ನಾನು ಬೈಯಲಿಲ್ಲ. ಅವಳಿಗೇ ಗಾಬರಿಯಾಗಿ, “ಟೀಚರ್, ಹುಷಾರಿಲ್ವಾ?” ಎಂದಳು.

“ಹುಷಾರಾಗೇ ಇದ್ದೀನಿ ಕಣಮ್ಮ” ಎಂದೆ, “ಹನ್ನೊಂದು ವರ್ಷದಿಂದ.”