ಪಾಲೆ ತೊಗಟೆಗೆ ಮೈನಸ್ ಒಂಬತ್ತು

ಮೂಡುಬಿದಿರೆಯ ಕಾಲೇಜೊಂದರಲ್ಲಿ ಔಷಧಶಾಸ್ತ್ರ ಕಲಿಸುತ್ತೇನೆ. ಒಮ್ಮೆ ಕಂಪ್ಯೂಟರಿನಲ್ಲಿ ಮಾಡಿದ ಒಂದು ಕೆಲಸ ನೆನಪಾದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ನಮ್ಮ ತುಳುನಾಡಿನಲ್ಲಿ ಮಳೆಗಾಲದ ಆಟಿ ತಿಂಗಳ ಅಮಾವಾಸ್ಯೆಯ ಬೆಳಿಗ್ಗೆ ಪಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತೆಗೆದು ಕಷಾಯ ಮಾಡಿ ಕುಡಿಯುತ್ತಾರೆ. ವರ್ಷಕ್ಕೆ ಒಂದೇ ದಿನ. ಅದರಲ್ಲಿರುವ ಒಂದು ರಾಸಾಯನಿಕ ಸಕ್ಕರೆ ಕಾಯಿಲೆಗೆ ಸಂಬಂಧಿಸಿದ ಪ್ರೋಟೀನಿಗೆ ಎಷ್ಟು ಗಟ್ಟಿಯಾಗಿ ಅಂಟಬಹುದು ಎಂಬ ಲೆಕ್ಕ ನನ್ನದು. ಕಂಪ್ಯೂಟರು ಅಣುವನ್ನು ಪ್ರೋಟೀನಿನ ಕುಳಿಯಲ್ಲಿ ಹೇಗೆ ಹೇಗೋ ತಿರುಗಿಸಿ, ಕೂರಿಸಿ ನೋಡಿ ಒಂದು ಸಂಖ್ಯೆ ಕೊಡುತ್ತದೆ. ಸೊನ್ನೆಗಿಂತ ಕೆಳಗಿಳಿದಷ್ಟೂ ಅಂಟು ಗಟ್ಟಿ. ಸುತ್ತಲಿನ ನೀರು, ಪ್ರೋಟೀನಿನ ಅಲುಗಾಟ ಎಲ್ಲವನ್ನೂ ಹಿಡಿಯುವ ಒಳ್ಳೆಯ ಲೆಕ್ಕವೂ ಉಂಟು, ಆದರೆ ಅದಕ್ಕೆ ವಾರಗಟ್ಟಲೆ ಬೇಕು. ಪೋಸ್ಟರ್ ಸ್ಪರ್ಧೆಯಿದ್ದ ಸೆಮಿನಾರಿಗೆ ನಾಲ್ಕೇ ದಿನವಿತ್ತು. ಅವಸರದ ಲೆಕ್ಕವನ್ನೇ ಮತ್ತೆ ಮತ್ತೆ ಓಡಿಸಿದೆ. ಒಮ್ಮೆ ಮೈನಸ್ ಆರು, ಒಮ್ಮೆ ಏಳು, ಒಮ್ಮೆ ಒಂಬತ್ತು. ಒಂಬತ್ತನ್ನು ಪೋಸ್ಟರಿಗೆ ಹಾಕಿ ಉಳಿದದ್ದನ್ನು ಅಳಿಸಿದೆ.

ಪೋಸ್ಟರಿಗೆ ಬಹುಮಾನ ಬಂತು. ವಿಭಾಗದ ಮುಖ್ಯಸ್ಥರು ಅದರ ಪಕ್ಕ ನನ್ನನ್ನು ನಿಲ್ಲಿಸಿ ತೆಗೆದ ಫೋಟೋವನ್ನು ವಾಟ್ಸಾಪಿಗೆ ಹಾಕಿ, ಸಕ್ಕರೆ ಕಾಯಿಲೆಗೆ ಪಾಲೆಯೇ ಮದ್ದು, ಕಂಪ್ಯೂಟರಿನಿಂದ ಸಾಬೀತು ಎಂದು ಬರೆದರು. ಸಾಬೀತಾದದ್ದು ಏನೂ ಇಲ್ಲವೆಂದು ನನಗೆ ಗೊತ್ತಿತ್ತು. ಆದರೂ ಕೆಳಗೆ ಕೈಮುಗಿದ ಚಿತ್ರ ಒತ್ತಿದೆ. ಅದು ಊರಿನ ಗುಂಪುಗಳಿಗೂ ಹರಿಯಿತು.

ಕೆಲವು ತಿಂಗಳ ಮೇಲೆ ಬೆಳ್ತಂಗಡಿಯ ಆಸ್ಪತ್ರೆಯಿಂದ ಫೋನು ಬಂತು. ನಾರಾವಿಯ ದೊಡ್ಡಮ್ಮನ ಕಾಲಿನ ಹುಣ್ಣು ಕೊಳೆತಿತ್ತು. ನರ್ಸ್ ಬಟ್ಟೆ ಬಿಚ್ಚಿದಾಗ ಬಂದ ವಾಸನೆಗೆ ಮುಖ ತಿರುಗಿಸಿದೆ.

“ಸಕ್ಕರೆಯ ಗುಳಿಗೆ ತೆಗೊಳ್ತಾ ಇರ್ಲಿಲ್ವಾ ದೊಡ್ಡಮ್ಮ?”

“ಗುಳಿಗೆ ಯಾಕೆ ಇನ್ನು? ದಿನಾ ಪಾಲೆ ಕಷಾಯ ಕುಡೀತೇನಲ್ಲ. ನೀನೇ ಕಂಡು ಹಿಡಿದದ್ದಲ್ವಾ ಮಗಾ?”

ಮರುದಿನ ಕಾಲೇಜಿಗೆ ಹೋದವಳು ಇನ್ನೊಂದು ಲೆಕ್ಕ ಹಾಕಿದೆ. ಆಟಿಯಲ್ಲಿ ನಸುಕಿನ ಕತ್ತಲಿಗೆ ಮರ ತಪ್ಪಿ ಪಾಲೆಯ ಬದಲು ಕಾಸರಕದ ತೊಗಟೆ ತರುವವರಿದ್ದಾರೆ. ಅದು ಜೀವ ತೆಗೆಯುವ ವಿಷ. ಆ ವಿಷದ ಅಣುವನ್ನು ಅದೇ ಕುಳಿಯಲ್ಲಿ ಕೂರಿಸಿದೆ. ಮೈನಸ್ ಹತ್ತು! ನನ್ನ ಮದ್ದಿಗಿಂತ ವಿಷಕ್ಕೇ ಹೆಚ್ಚು ಅಂಕ. ಮುಖ್ಯಸ್ಥರಿಗೆ ತೋರಿಸಿ, ವಾಟ್ಸಾಪಿನಲ್ಲಿ ತಿದ್ದಿ ಬರೆಯಿರಿ ಎಂದೆ.

“ಅದನ್ನೆಲ್ಲ ಯಾರು ಕೇಳ್ತಾರೆ ಮಾರಾಯ್ತಿ? ಬಹುಮಾನ ಬಂದಾಯ್ತಲ್ಲ,” ಎಂದು ಅವರು ಚಹಾಕ್ಕೆ ಬಿಸ್ಕತ್ತು ಅದ್ದಿದರು. ನೆನೆದ ಚೂರು ಮೀಸೆಗೆ ಅಂಟಿತು. ಆ ಮೀಸೆಯನ್ನೇ ನೋಡುತ್ತಾ ನಾನೂ ಒಂದು ಬಿಸ್ಕತ್ತು ತೆಗೆದುಕೊಂಡೆನಲ್ಲ, ಥೂ.

ದೊಡ್ಡಮ್ಮನ ಕಾಲಿನ ಹೆಬ್ಬೆರಳು ಕತ್ತರಿಸಿ ತೆಗೆದ ಮೇಲೆ, ಆ ಸಂಖ್ಯೆ ನಾನು ಆರಿಸಿ ಹಾಕಿದ್ದು ಎಂದು ಹೇಳಿಬಿಡಲೆಂದೇ ಆಸ್ಪತ್ರೆಗೆ ಹೋದೆ. ಬಾಯಿ ತೆರೆಯುವ ಮೊದಲೇ ಅವರು ಪಕ್ಕದ ಮಂಚದ ಹೆಂಗಸಿನ ಕಡೆ ತಿರುಗಿದರು.

“ನಾನು ಹೇಳಿದ ಹುಡುಗಿ ಇವಳೇ.”

ಆ ಹೆಂಗಸಿನ ಕಾಲಿಗೂ ಬಟ್ಟೆ ಸುತ್ತಿತ್ತು. ಆಕೆ ಮಂಚದಡಿಯಿಂದ ಸ್ಟೀಲಿನ ಫ್ಲಾಸ್ಕ್ ಎತ್ತಿ, ಮುಚ್ಚಳದ ತುಂಬ ಕಷಾಯ ಬಗ್ಗಿಸಿ ನನ್ನೆದುರು ಹಿಡಿದಳು.

“ದಿನಕ್ಕೆ ಇಷ್ಟು ಸಾಕಾ ಮೇಡಂ?”