ವರ್ನಿಯರ್ ಹಿಡಿದು ಬಂದ ರುದ್ರಪ್ಪ

ಗಂಡಸು ಎಂಬ ಒಂದೇ ಕಾರಣಕ್ಕೆ ರುದ್ರಪ್ಪನವರನ್ನು ನಮ್ಮ ಜಾಲಹಳ್ಳಿ ಅಪಾರ್ಟ್‌ಮೆಂಟಿನ ಕರಕುಶಲ ತರಗತಿಯಿಂದ ನಿವಾಸಿಗಳ ಸಂಘದವರು ಹೊರಗೆ ಕಳಿಸಿದರು. ಇದು ಶುದ್ಧ ತಪ್ಪು. ಪೀಣ್ಯದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು ಅವರು. "ಮನ್ಯಾಗ ಕೈ ಸುಮ್ಮನ ಕೂಡಂಗಿಲ್ಲವ್ವಾ" ಎಂದು ಬಾಗಿಲಲ್ಲೇ ನಿಂತಿದ್ದರು.

ಅಲ್ಲಿ ಕಲಿಸುತ್ತಿದ್ದವಳು ನಾನೇ. ಸಂಘದವರ ಜೊತೆ ಜಗಳವಾಡಿ, ಕಾಗದ, ಫೆಲ್ಟ್ ಬಟ್ಟೆ, ಮಣಿ ಡಬ್ಬಿ ಎಲ್ಲ ಹೊತ್ತು ತರಗತಿಯನ್ನೇ ನನ್ನ ಮನೆಗೆ ತಂದೆ. ರುದ್ರಪ್ಪನವರೂ ಹೆಂಗಸರೂ ಹಿಂದೆಯೇ ಬಂದರು. ಅಂದು ಮೊದಲ ಸಲ ಮಣಿಯ ಕಣ್ಣಿಟ್ಟು ಫೆಲ್ಟಿನ ಗಿಣಿ ಮಾಡುವುದಿತ್ತು.

ರುದ್ರಪ್ಪ ಜೇಬಿನಿಂದ ಕಾರ್ಖಾನೆಯಲ್ಲಿ ಕೂದಲೆಳೆಯಷ್ಟನ್ನೂ ಅಳೆಯುವ ವರ್ನಿಯರ್ ತೆಗೆದು ಮಣಿಗಳನ್ನು ಒಂದೊಂದಾಗಿ ಅಳೆಯತೊಡಗಿದರು.

"ಏನ್ ಅಂಕಲ್, ಇದೇನು ಬೋಲ್ಟಾ?" ಎಂದು ಪಕ್ಕದ ಮನೆಯ ಸವಿತಾ ನಕ್ಕಳು.

"ನಗಬ್ಯಾಡವಾ. ಹತ್ತರಾಗ ನಾಕು ರಿಜೆಕ್ಟು. ತೂತು ಸಣ್ಣದೈತಿ, ಸೂಜಿ ಹೋಗಂಗಿಲ್ಲ."

ಇಷ್ಟು ದಿನ ನಾವು ನಮ್ಮ ಕಣ್ಣನ್ನೇ ಬೈದುಕೊಂಡಿದ್ದೆವು!

ಸಂಜೆಗೆ ಎಲ್ಲರ ಗಿಣಿಗೂ ಮೆಳ್ಳೆಗಣ್ಣು, ಅಳೆದು ಕಣ್ಣು ಹೊಲಿದ ರುದ್ರಪ್ಪನವರದಕ್ಕೆ ಮಾತ್ರ ನೆಟ್ಟಗಿನ ನೋಟ.

"ಅಂಕಲ್, ನಂದಕ್ಕೂ ಕಣ್ಣು ಹಾಕ್ಕೊಡಿ" ಎಂದಳು ಸವಿತಾ.

"ನೀನ ಹಾಕು. ಅಳತಿ ನಾ ಹೇಳ್ತೀನಿ."

ಅವಳಿಗಷ್ಟೇ ಅಲ್ಲ, ಕಲಿಸುವ ನನಗೂ ಒಳ್ಳೆಯ ಮೇಷ್ಟರು ಸಿಕ್ಕಿದ್ದರು. ಓದುತ್ತಿರುವವರೇ, ಈ ಭಾನುವಾರ ನಿಮ್ಮ ಮನೆಯ ಗಂಡಸರ ಮುಂದಿನ ಟಿವಿ ಆರಿಸಿ, ಕೈಗೆ ಸೂಜಿ ಕೊಡಿ. ದಾರವನ್ನು ಅವರೇ ಪೋಣಿಸಲಿ.